ಸೋಮವಾರ ಬೆಳಗ್ಗೆ ಆ ಕಾರು ಎಲ್ಲಿಗೆ ಹೋಗುತ್ತದೆ?

ತಂಗಿ,

ಇಸ್ರೇಲಿನ ಹೈಫಾಕ್ಕೆ ಬಂದು ಒಂದು ಚಳಿಗಾಲ ಕಳೆದಿಲ್ಲ, ಆಗಲೇ ಒಳ್ಳೆ ಪ್ರಶ್ನೆ ಕೇಳಿದ್ದೀಯ. ಊರ ಕಡೆಯಿಂದ ಹೊಸದಾಗಿ ಬಂದವರು ಸಾಮಾನ್ಯವಾಗಿ ಕೇಳುವುದು ಸಂಬಳ ಎಷ್ಟು, ದುಡ್ಡು ಕಳಿಸುವುದು ಹೇಗೆ, ಕುಚ್ಚಲಕ್ಕಿ ಎಲ್ಲಿ ಸಿಗುತ್ತದೆ ಅಂತ. ನಿನ್ನದು ಬೇರೆ. ನೀನು ನೋಡಿಕೊಳ್ಳುವ ಅಜ್ಜಿಯ ಮಗಳು ಸೋಮವಾರ ಬೆಳಕು ಹರಿಯುವ ಮೊದಲೇ ಕಾರು ತೆಗೆದುಕೊಂಡು ಜೆನಿನ್ ಕಡೆಯ ಚೆಕ್‌ಪೋಸ್ಟಿಗೆ ಹೋಗುತ್ತಾಳೆ. ಅಲ್ಲಿಂದ ಪ್ಯಾಲೆಸ್ಟೀನಿನ ಒಂದು ಮಗುವನ್ನೂ ತಾಯಿಯನ್ನೂ ಕರೆತಂದು ರಂಬಾಮ್ ಆಸ್ಪತ್ರೆಗೆ ಬಿಡುತ್ತಾಳೆ. ಶುಕ್ರವಾರ ರಾತ್ರಿ ಊಟಕ್ಕೆ ಬಂದ ಅವಳ ಅಣ್ಣ ಅದೇ ವಿಷಯಕ್ಕೆ ಕೂಗಾಡುತ್ತಾನೆ. "ಅಕ್ಕ, ಇವರು ಒಬ್ಬರನ್ನೊಬ್ಬರು ಕೊಲ್ಲುವವರೋ, ಆಸ್ಪತ್ರೆಗೆ ಸೇರಿಸುವವರೋ? ನಾನೂ ಒಂದು ದಿನ ಜೊತೆಗೆ ಹೋಗಬಹುದಾ? ನೀನು ಯಾರ ಕಡೆ ಅಂತ ಅಣ್ಣ ಕೇಳಿದರೆ ಏನು ಹೇಳಲಿ?" ಅಂತ ಬರೆದಿದ್ದೀಯ.

ಮೊದಲು ಕಾರಿನ ವಿಷಯ. ಅದರ ಹಿಂದೆ ರೋಡ್ ಟು ರಿಕವರಿ ಅನ್ನುವ ಸಂಸ್ಥೆ ಇದೆ. ಶುರು ಮಾಡಿದವರು ಯುವಾಲ್ ರಾಥ್. ಅವರ ಒಡಹುಟ್ಟಿದವನನ್ನು 1993ರಲ್ಲಿ ಹಮಾಸ್‌ನವರು ಅಪಹರಿಸಿ ಕೊಂದರು. ಆಮೇಲೆ ಅವರು, ಮನೆಯವರನ್ನು ಕಳೆದುಕೊಂಡ ಎರಡೂ ಕಡೆಯ ಜನ ಸೇರುವ ಒಂದು ಬಳಗಕ್ಕೆ ಹೋಗತೊಡಗಿದರು. ಅಲ್ಲಿ ಪರಿಚಯವಾದ ಪ್ಯಾಲೆಸ್ಟೀನಿನವರೊಬ್ಬರು, ನಮ್ಮ ಮನೆಯಲ್ಲಿ ಕಾಯಿಲೆಯವನಿದ್ದಾನೆ, ರಂಬಾಮ್‌ಗೆ ಬಿಡುತ್ತೀರಾ ಅಂತ ಕೇಳಿದರು. ಬಿಟ್ಟರು. ಆಮೇಲೆ ಮತ್ತೊಬ್ಬರು ಕೇಳಿದರು. ಹೀಗೆ ಬೆಳೆದು 2010ರಲ್ಲಿ ಸಂಸ್ಥೆಯೇ ಆಯಿತು. ಭಾಷಣ ಮಾಡಿ ಶುರುವಾದದ್ದಲ್ಲ, ಬಾಡಿಗೆ ಕಾರಿಗೆ ದುಡ್ಡಿಲ್ಲದ್ದಕ್ಕೆ ಶುರುವಾದದ್ದು.

ಯಾಕೆ ಅಂದರೆ ಇಲ್ಲಿನ ವ್ಯವಸ್ಥೆಯೇ ಹಾಗೆ. ಜೆನಿನ್ ಇರುವ ವೆಸ್ಟ್ ಬ್ಯಾಂಕ್, ಇಸ್ರೇಲ್ ಸೇನೆಯ ಹಿಡಿತದಲ್ಲಿರುವ ಪ್ಯಾಲೆಸ್ಟೀನ್ ಪ್ರದೇಶ. ವೆಸ್ಟ್ ಬ್ಯಾಂಕಿನ ಮಗುವಿಗೆ ಅಲ್ಲಿ ಸಿಗದ ಚಿಕಿತ್ಸೆ ಬೇಕಾದರೆ ಅಲ್ಲಿನವರ ಆಡಳಿತವಾದ ಪ್ಯಾಲೆಸ್ಟೀನ್ ಪ್ರಾಧಿಕಾರ ಒಪ್ಪಿ ಖರ್ಚು ವಹಿಸಿಕೊಳ್ಳಬೇಕು, ಇಸ್ರೇಲ್ ಸೇನೆ ಪರ್ಮಿಟ್ ಕೊಡಬೇಕು. ಎರಡೂ ಆಯಿತು ಅಂತಿಟ್ಟುಕೋ. ಪ್ಯಾಲೆಸ್ಟೀನ್ ನಂಬರಿನ ಕಾರು ಚೆಕ್‌ಪೋಸ್ಟ್ ದಾಟಿ ಈಚೆ ಬರುವಂತಿಲ್ಲ. ಅಲ್ಲಿಂದ ಆಸ್ಪತ್ರೆಗೆ ಟ್ಯಾಕ್ಸಿ ಮಾಡಿದರೆ ಎಷ್ಟೋ ಮನೆಗಳಲ್ಲಿ ವಾರದ ಖರ್ಚೇ ಹೋಗುತ್ತದೆ. ಡಯಾಲಿಸಿಸ್, ಕೀಮೋ ಅಂದರೆ ಒಂದು ಸಲದ ಮಾತೂ ಅಲ್ಲವಲ್ಲ. ಅದಕ್ಕೇ ಈ ಕಾರುಗಳು.

ನಾನೂ ಒಮ್ಮೆ ಪರಿಚಯದ ನಿವೃತ್ತ ಟೀಚರ್ ಒಬ್ಬರ ಜೊತೆ ಜಲಾಮೆ ಚೆಕ್‌ಪೋಸ್ಟಿಗೆ ಹೋಗಿದ್ದೆ. ಕತ್ತಲು, ದೊಡ್ಡ ದೀಪಗಳು, ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಚೀಲ. ಕಬ್ಬಿಣದ ತಿರುಗಣೆ ಗೇಟಿನಿಂದ ಹೊರಬಂದ ತಾಯಿ ಒಂದು ಕೈಯಲ್ಲಿ ಎಕ್ಸ್‌ರೇ ಕವರ್, ಇನ್ನೊಂದರಲ್ಲಿ ಹುಡುಗನನ್ನು ಹಿಡಿದುಕೊಂಡಿದ್ದಳು. ಅವನಿಗೆ ಐದಾರು ವರ್ಷ ಇರಬಹುದು. ಕಿವಿ ಮುಚ್ಚುವ ಉಣ್ಣೆ ಟೊಪ್ಪಿ. ಟೀಚರ್ ಕೆಳಗಿಳಿದು "ಸಬಾಹ್ ಅಲ್‌ಖೈರ್" ಅಂದರು. ಶುಭೋದಯ ಅಂತ. ಅವರ ಅರಬ್ಬಿ ಅಲ್ಲಿಗೆ ಮುಗಿಯಿತು. ಆ ತಾಯಿಯ ಹೀಬ್ರೂ, ಥ್ಯಾಂಕ್ಸ್ ಅನ್ನುವ "ತೊದಾ"ಗೆ ಮುಗಿಯಿತು. ಮಗುವಿನ ಸೀಟಿನ ಬೆಲ್ಟ್ ಸಿಕ್ಕಿಕೊಂಡಿತ್ತು, ಇಬ್ಬರೂ ಬಗ್ಗಿ ಅದನ್ನು ಎಳೆದಾಡಿದರು. ಅಫುಲಾ ದಾಟುವವರೆಗೆ ಯಾರೂ ಮಾತಾಡಲಿಲ್ಲ. ಹುಡುಗ ಮಲಗಿದ. ರಂಬಾಮ್ ಸಮುದ್ರದ ಪಕ್ಕದಲ್ಲೇ ಇದೆ, ನಿನಗೆ ಗೊತ್ತಲ್ಲ. ಅಲ್ಲಿ ಇಳಿಯುವಾಗ ಅವನು ಎದ್ದು ಸಮುದ್ರ ನೋಡಿ ತಾಯಿಯ ಹತ್ತಿರ ಏನೋ ಕೇಳಿದ. ಅವನ ಊರಿಂದ ಸಮುದ್ರ ಒಂದು ಗಂಟೆಯ ದಾರಿ, ಆದರೂ ಅವನು ನೋಡಿದ್ದು ಅದೇ ಮೊದಲು. ನಮ್ಮ ಕುಂದಾಪುರದ ಮಕ್ಕಳಿಗೆ ಅದು ಹಿತ್ತಲು ಇದ್ದ ಹಾಗೆ.

ಇಷ್ಟೇ ಮಾರಾಯ್ತಿ. ಅಪ್ಪಿಕೊಂಡದ್ದಿಲ್ಲ, ಅತ್ತದ್ದಿಲ್ಲ. ದೊಡ್ಡದೇನೋ ನಡೆಯುತ್ತದೆ ಅಂದುಕೊಂಡು ಹೋದರೆ ನಿನಗೆ ಸಪ್ಪೆ ಅನ್ನಿಸುತ್ತದೆ. ನನ್ನ ಮಟ್ಟಿಗೆ ಈ ಸಪ್ಪೆ ಕೆಲಸವೇ ಉಳಿದ ಎಲ್ಲ ಮಾತುಕತೆಗಿಂತ ಗಟ್ಟಿ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಸತ್ತವರಲ್ಲಿ ಇದೇ ಕೆಲಸದ ಸ್ವಯಂಸೇವಕರೂ ಇದ್ದರು. ಗಾಜಾ ಗಡಿಯಲ್ಲಿ ಜನ ಒಟ್ಟಾಗಿ ಬದುಕುವ ಹಳ್ಳಿಗಳಾದ ಕಿಬುತ್ಸ್‌ಗಳಲ್ಲಿದ್ದು, ಎರೆಜ್ ಗೇಟಿನಿಂದ ಗಾಜಾದ ರೋಗಿಗಳನ್ನು ಕರೆದೊಯ್ಯುತ್ತಿದ್ದವರು. ಬೆಎರಿ ಕಿಬುತ್ಸಿನ ವಿವಿಯನ್ ಸಿಲ್ವರ್ ಅವರಲ್ಲೊಬ್ಬರು, 74 ವರ್ಷ. 2014ರ ಗಾಜಾ ಯುದ್ಧದ ನಂತರ ಹುಟ್ಟಿದ, ಶಾಂತಿಗಾಗಿ ದುಡಿಯುವ ಇಸ್ರೇಲಿ ಹೆಂಗಸರ ವಿಮೆನ್ ವೇಜ್ ಪೀಸ್ ಸಂಘಟನೆ ಕಟ್ಟಿದವರಲ್ಲೂ ಅವರಿದ್ದರು. ದಾಳಿಗೆ ಮೂರು ದಿನ ಮೊದಲು, ಅಕ್ಟೋಬರ್ 4ರಂದು, ಆ ಹೆಂಗಸರು ವಿಮೆನ್ ಆಫ್ ದಿ ಸನ್ ಎಂಬ ಪ್ಯಾಲೆಸ್ಟೀನ್ ಹೆಂಗಸರ ಸಂಘಟನೆಯ ಜೊತೆ ಜೆರುಸಲೇಮಿನಲ್ಲೂ ಮೃತ ಸಮುದ್ರದ ದಡದಲ್ಲೂ ಸೇರಿದ್ದರು. ಸಿಲ್ವರ್ ಒತ್ತೆಯಲ್ಲಿದ್ದಾರೆ ಅಂತ ವಾರಗಟ್ಟಲೆ ಅಂದುಕೊಂಡಿದ್ದರು. ಮನೆಯಲ್ಲೇ ಸತ್ತಿದ್ದರು ಅಂತ ನವೆಂಬರಿನಲ್ಲಿ ತಿಳಿಯಿತು. ಗಾಜಾದ ದಾರಿ ಮುಚ್ಚಿತು. ವೆಸ್ಟ್ ಬ್ಯಾಂಕಿನ ಕಾರುಗಳು ಮತ್ತೆ ಓಡತೊಡಗಿದವು. ನಿಮ್ಮ ಮನೆಯ ಮಗಳು ಈಗಲೂ ಹೋಗುತ್ತಾಳೆ ಅಂದರೆ, ಅಷ್ಟೆಲ್ಲ ಆದಮೇಲೂ ಹೋಗುತ್ತಾಳೆ ಅಂತ ಲೆಕ್ಕ.

ಹಾಗಂತ ಅಣ್ಣನನ್ನು ಕೆಟ್ಟವನು ಅಂದುಕೊಳ್ಳಬೇಡ. ಅವನ ಮಗನೋ ಅಳಿಯನೋ ಗಾಜಾಕ್ಕೆ ಹೋಗಿ ಬಂದಿರಬಹುದು. ಅಕ್ಟೋಬರ್ 7ರ ಆ ಒಂದೇ ದಿನ ಸುಮಾರು 1,200 ಜನ ಸತ್ತರು, 251 ಜನರನ್ನು ಎಳೆದುಕೊಂಡು ಹೋದರು. ಇಲ್ಲಿ ಅದು ಮುಟ್ಟದ ಮನೆ ಕಡಿಮೆ. ಗಾಜಾದಲ್ಲಿ ಸತ್ತವರ ಸಂಖ್ಯೆ ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ 60,000 ದಾಟಿತು, ಅದನ್ನು ಈ ಮನೆಗಳ ಟಿವಿಯಲ್ಲಿ ನೀನು ಅಷ್ಟಾಗಿ ನೋಡುವುದಿಲ್ಲ. ಊರಿನ ಚಾನೆಲ್ ನೋಡಿದರೆ ಬೇರೆಯದೇ ಕೂಗಾಟ. ಎರಡನ್ನೂ ಪೂರ್ತಿ ನಂಬಬೇಡ.

ಹೊಸಬರು ಇಲ್ಲಿ ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಎಲ್ಲ ಅರಬರನ್ನೂ ಒಂದೇ ಅಂದುಕೊಂಡು. ಅಜ್ಜಿಯ ಮಾತ್ರೆ ಕೊಡುವ ಫಾರ್ಮಸಿಯ ಹುಡುಗಿ, ರಂಬಾಮ್‌ನ ಡಾಕ್ಟರು, ಹೈಫಾದ ಅರಬ್ ಕೇರಿ ವಾದಿ ನಿಸ್ನಾಸ್‌ನಲ್ಲಿ ಸೊಪ್ಪು ಮಾರುವ ಅಮ್ಮ, ಇವರು ಇಸ್ರೇಲಿನ ನಾಗರಿಕರೇ. ದೇಶದ ಐದರಲ್ಲಿ ಒಬ್ಬರು ಹೀಗೆ ಅರಬ್ ನಾಗರಿಕರು. ಓಟಿದೆ, ಪಾಸ್‌ಪೋರ್ಟ್ ಇದೆ, ದೂರುಗಳೂ ಬೇಕಾದಷ್ಟಿವೆ. ಕಾರಿನಲ್ಲಿ ಬರುವ ತಾಯಿ ಸೇನೆಯ ಆಡಳಿತದ ಕೆಳಗೆ ಬದುಕುವವಳು. ಅವಳಿಗೆ ಓಟಿಲ್ಲ, ಪರ್ಮಿಟ್ ಇದ್ದರೆ ಮಾತ್ರ ದಾರಿ. ಗಾಜಾದವರದ್ದು ಮೂರನೆಯ ಕಥೆ. ಹೈಫಾದಲ್ಲಿ ಎಲ್ಲರೂ ಒಟ್ಟಿಗೆ ಕೆಲಸ ಮಾಡುವುದು ನೋಡಿ, ಇಲ್ಲಿ ಸಮಸ್ಯೆಯೇ ಇಲ್ಲ ಅಂತ ಊರಿಗೆ ಫೋನ್ ಮಾಡಿ ಹೇಳುವವರಿದ್ದಾರೆ. ಒಂದೇ ವಾರ್ಡಿನಲ್ಲಿ ಕೆಲಸ ಮಾಡುತ್ತಾರೆ, ನಿಜ. ಆದರೆ ಯುದ್ಧದ ಸುದ್ದಿ ಬಂದ ದಿನ ನರ್ಸ್‌ಗಳು ಟೀ ಕುಡಿಯುವ ಕೋಣೆಯಲ್ಲಿ ಎರಡು ಮೂಲೆ ಆಗುವುದನ್ನೂ ನಾನು ನೋಡಿದ್ದೇನೆ. ಯಾರೂ ಜಗಳವಾಡುವುದಿಲ್ಲ. ಸುಮ್ನೆ ಇರುತ್ತಾರೆ.

ಆ ಸುಮ್ಮನಿರುವುದನ್ನು ಮುರಿಯಬೇಕು ಅಂತ ಹೊರಟವರೂ ಇದ್ದಾರೆ. ಲತ್ರೂನ್ ಹತ್ತಿರದ ಗುಡ್ಡದ ಮೇಲೆ ನೆವೆ ಶಾಲೋಮ್ ಅಂತ ಊರಿದೆ, ಅರಬ್ಬಿಯಲ್ಲಿ ವಾಹತ್ ಅಲ್‌ಸಲಾಮ್. ಬ್ರೂನೋ ಹುಸ್ಸಾರ್ ಅಂತ ಕ್ರೈಸ್ತ ಸನ್ಯಾಸಿ, ಈಜಿಪ್ಟಿನ ಯಹೂದಿ ಮನೆಯಲ್ಲಿ ಹುಟ್ಟಿದವರು, ಪಕ್ಕದ ಮಠದ ಜಾಗವನ್ನು ಗೇಣಿಗೆ ಪಡೆದು ಶುರು ಮಾಡಿದ್ದು. ಅಲ್ಲಿ ಅರ್ಧ ಮನೆ ಯಹೂದಿಗಳದ್ದು, ಅರ್ಧ ಅರಬ್ ನಾಗರಿಕರದ್ದು. 1984ರಿಂದ ಎರಡು ಭಾಷೆಯ ಶಾಲೆ ನಡೆಯುತ್ತಿದೆ. ಅಲ್ಲಿ ಜಗಳವೇ ಇಲ್ಲ ಅಂತಲ್ಲ. ಸೈನಿಕರ ನೆನಪಿನ ದಿನ ಏನು ಮಾಡಬೇಕು, ಅರಬರು 1948ರ ದುರಂತ ನೆನೆಯುವ ನಕ್ಬಾ ದಿನ ಏನು ಮಾಡಬೇಕು ಅನ್ನುವುದೇ ಇಂಥ ಶಾಲೆಗಳ ದೊಡ್ಡ ತಲೆನೋವು. ಒಬ್ಬರಿಗೆ ದೇಶ ಹುಟ್ಟಿದ 1948, ಇನ್ನೊಬ್ಬರಿಗೆ ಮನೆ ಕಳೆದುಕೊಂಡ 1948. ಜೆರುಸಲೇಮಿನಲ್ಲಿ ಹ್ಯಾಂಡ್ ಇನ್ ಹ್ಯಾಂಡ್ ಅನ್ನುವ ಇಂಥದ್ದೇ ಶಾಲೆಗೆ 2014ರಲ್ಲಿ ಬೆಂಕಿ ಹಚ್ಚಿದರು. ಸುಟ್ಟದ್ದು ಒಂದನೇ ಕ್ಲಾಸಿನ ಕೋಣೆ. ಶಾಲೆ ಮುಚ್ಚಲಿಲ್ಲ.

ಯುವಾಲ್ ರಾಥ್ ಹೋಗುತ್ತಿದ್ದ ಬಳಗ ಅಂದೆನಲ್ಲ, ಅದರ ಹೆಸರು ಪೇರೆಂಟ್ಸ್ ಸರ್ಕಲ್. ಮಗನನ್ನು ಹಮಾಸ್‌ನವರು ಕೊಂದ ನಂತರ ಯಿತ್ಸಾಕ್ ಫ್ರಾಂಕೆಂತಾಲ್ ಎಂಬ ತಂದೆ 1995ರಲ್ಲಿ ಶುರು ಮಾಡಿದ್ದು. ರಾಮಿ ಎಲ್ಹನಾನ್ ಅವರ ಮಗಳು ಸ್ಮದಾರ್ 1997ರಲ್ಲಿ ಜೆರುಸಲೇಮಿನ ಬೆನ್ ಯೆಹುದಾ ಬೀದಿಯ ಆತ್ಮಹತ್ಯಾ ದಾಳಿಯಲ್ಲಿ ಸತ್ತಳು. ಬಸ್ಸಾಮ್ ಅರಾಮಿನ್ ಅವರ ಹತ್ತು ವರ್ಷದ ಮಗಳು ಅಬೀರ್ 2007ರಲ್ಲಿ ಅನಾತಾದಲ್ಲಿ ಶಾಲೆಯ ಹತ್ತಿರ ಇಸ್ರೇಲ್ ಗಡಿ ಪೊಲೀಸರ ರಬ್ಬರ್ ಗುಂಡು ತಾಗಿ ಸತ್ತಳು. ಇಬ್ಬರೂ ಅಕ್ಕಪಕ್ಕ ಕೂತು ವರ್ಷಗಟ್ಟಲೆಯಿಂದ ಅದೇ ಎರಡು ಕಥೆ ಹೇಳುತ್ತಿದ್ದಾರೆ, ಶಾಲೆಗಳಲ್ಲಿ, ಸಭೆಗಳಲ್ಲಿ, ಹೊರದೇಶಗಳಲ್ಲಿ. ಇಂಥ ಸಭೆಗಳು ಬೆಥ್ಲೆಹೇಮಿನ ಪಕ್ಕದ ಬೆತ್ ಜಾಲಾದಲ್ಲಿ ಜಾಸ್ತಿ ಆಗುತ್ತವೆ. ಕಾರಣ ಸರಳ. ವೆಸ್ಟ್ ಬ್ಯಾಂಕಿನ ದೊಡ್ಡ ಊರುಗಳ ಒಳಗೆ ಇಸ್ರೇಲಿಗಳು ಕಾಲಿಡುವಂತಿಲ್ಲ, ಕೆಂಪು ಬೋರ್ಡ್ ಹಾಕಿರುತ್ತಾರೆ. ಪರ್ಮಿಟ್ ಇಲ್ಲದೆ ಪ್ಯಾಲೆಸ್ಟೀನಿನವರು ಈಚೆ ಬರುವಂತಿಲ್ಲ. ಇಬ್ಬರಿಗೂ ತಪ್ಪಾಗದ ಜಾಗ ಅಲ್ಲೊಂದಿಷ್ಟು ಇದೆ.

ಹಿಂದೆ ಬಂದೂಕು ಹಿಡಿದು ಹೋರಾಡಿದ ಎರಡೂ ಕಡೆಯವರು 2006ರಲ್ಲಿ ಕಟ್ಟಿದ ಕಾಂಬ್ಯಾಟಂಟ್ಸ್ ಫಾರ್ ಪೀಸ್ ಅಂತ ಇನ್ನೊಂದಿದೆ. ಇದೂ ಪೇರೆಂಟ್ಸ್ ಸರ್ಕಲ್ಲೂ ಸೇರಿ, ಇಸ್ರೇಲ್ ತನ್ನ ಸೈನಿಕರನ್ನು ನೆನೆಯುವ ಸಂಜೆ ಎರಡೂ ಕಡೆ ಸತ್ತವರಿಗೆ ಒಂದೇ ಸಭೆ ನಡೆಸುತ್ತವೆ. ಹೊರಗೆ ನಿಂತು ದೇಶದ್ರೋಹಿಗಳು ಅಂತ ಬೈಯುವವರಿರುತ್ತಾರೆ. 2018ರಲ್ಲಿ, 2019ರಲ್ಲಿ ಪ್ಯಾಲೆಸ್ಟೀನಿನವರು ಬರಬಾರದು ಅಂತ ಸರ್ಕಾರ ತಡೆದಾಗ ಸುಪ್ರೀಂ ಕೋರ್ಟ್ ಬಿಡಿಸಿಕೊಟ್ಟಿತು. 2025ರಲ್ಲಿ ರಆನನಾ ಊರಿನಲ್ಲಿ ಯಹೂದಿಗಳು ಪ್ರಾರ್ಥಿಸುವ ಒಂದು ಸಿನಗಾಗ್‌ನಲ್ಲಿ ಈ ಸಭೆಯನ್ನು ತೆರೆಯ ಮೇಲೆ ತೋರಿಸುತ್ತಿದ್ದಾಗ ಗುಂಪೊಂದು ನುಗ್ಗಿ ದಾಂಧಲೆ ಮಾಡಿತು.

ಇನ್ನೊಂದು ಕಡೆಯ ಸಿಟ್ಟೂ ತಿಳಿದಿರಲಿ. ಇಂಥ ಸಭೆಗೆ ಹೋದ ಪ್ಯಾಲೆಸ್ಟೀನಿನವರನ್ನು ಅವರ ಊರಿನವರೇ ದೂರ ಇಡುವುದುಂಟು. "ಸೇನೆ ನಮ್ಮ ಮೇಲೆ ಕೂತಿರುವಾಗ ಇವರ ಜೊತೆ ಕಾಫಿ ಕುಡಿದರೆ, ಎಲ್ಲ ಸರಿ ಇದೆ ಅಂತ ತೋರಿಸಿದ ಹಾಗಾಗುತ್ತದೆ" ಅನ್ನುವುದು ಅವರ ಮಾತು. ನನಗೆ ಆ ಮಾತಿನಲ್ಲಿ ತಪ್ಪು ಕಾಣುವುದಿಲ್ಲ. ಸಭೆ ಮುಗಿದ ಮೇಲೆ ಒಬ್ಬರು ಸ್ವಂತ ಕಾರಿನಲ್ಲಿ ಹೆದ್ದಾರಿ ಹಿಡಿಯುತ್ತಾರೆ, ಇನ್ನೊಬ್ಬರು ಚೆಕ್‌ಪೋಸ್ಟಿನ ಸಾಲಿನಲ್ಲಿ ನಿಲ್ಲುತ್ತಾರೆ. ಇದನ್ನು ಬಾಯಿಬಿಟ್ಟು ಹೇಳುವ ಗುಂಪುಗಳ ಮೇಲೆ ನನಗೆ ನಂಬಿಕೆ ಜಾಸ್ತಿ. ಎಲ್ಲರೂ ಮನುಷ್ಯರೇ ಅಂತ ಹಾಡಿ, ಹುಮ್ಮುಸ್ ಅನ್ನುವ ಕಡಲೆ ಚಟ್ನಿ ತಿಂದು ಮನೆಗೆ ಹೋಗುವ ಗುಂಪುಗಳೂ ಉಂಟು. ಅಂಥದ್ದಕ್ಕೆ ನಿನ್ನ ರಜೆ ಹಾಳು ಮಾಡಿಕೊಳ್ಳಬೇಡ.

ಈಗ ನಮ್ಮ ವಿಷಯ. ಯುದ್ಧಕ್ಕೆ ಮೊದಲು ವೆಸ್ಟ್ ಬ್ಯಾಂಕಿನ ಒಂದು ಲಕ್ಷಕ್ಕೂ ಹೆಚ್ಚು ಜನ ದಿನಾ ಇಸ್ರೇಲಿಗೆ ಕೆಲಸಕ್ಕೆ ಬರುತ್ತಿದ್ದರು, ಹೆಚ್ಚಿನವರು ಕಟ್ಟಡ ಕೆಲಸಕ್ಕೆ. ಅಕ್ಟೋಬರ್ 7ರ ನಂತರ ಹೆಚ್ಚುಕಡಿಮೆ ಎಲ್ಲರ ಪರ್ಮಿಟ್ ನಿಂತಿತು. 2024ರಿಂದ ಆ ಜಾಗಕ್ಕೆ ನಮ್ಮ ದೇಶದಿಂದ ಸಾವಿರಾರು ಹುಡುಗರು ಬಂದರು. ಅವರ ತಪ್ಪಲ್ಲ, ಅವರಿಗೂ ಹೊಟ್ಟೆಪಾಡು. ಆದರೆ ಹಿಂದಿನ ಸೀಟಿನ ತಾಯಿಯ ಗಂಡ ಆ ಕೆಲಸ ಕಳೆದುಕೊಂಡವನಿರಬಹುದು, ಭಾರತದವಳು ಅಂದಾಗ ಅವಳ ಮುಖ ಸ್ವಲ್ಪ ಬಿಗಿಯಾದರೆ ಬೇಜಾರು ಮಾಡಿಕೊಳ್ಳಬೇಡ. ಅತ್ತ ಅಣ್ಣ, ಭಾರತೀಯರು ನಮ್ಮವರು ಅಂತ ಬೆನ್ನು ತಟ್ಟುತ್ತಾನೆ. 1918ರಲ್ಲಿ ತುರ್ಕಿಯವರಿಂದ ಹೈಫಾ ಗೆದ್ದುಕೊಟ್ಟ ಕುದುರೆ ಸವಾರರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು ಅನ್ನುವುದನ್ನೂ ಹೇಳಿಯಾನು. ಅದು ನಿಜವೇ. ಅವರು ಬಂದದ್ದು ಬ್ರಿಟಿಷರ ಪರವಾಗಿ, ಇವರಿಬ್ಬರಲ್ಲಿ ಯಾರ ಪರವಾಗಿಯೂ ಅಲ್ಲ. ಅದನ್ನು ಊಟದ ಮೇಜಿನಲ್ಲಿ ಹೇಳಲು ಹೋಗಬೇಡ.

ಯಾರ ಕಡೆ ಅಂತ ಕೇಳಿದರೆ, ನಾನು ನಿಮ್ಮ ಅಮ್ಮನನ್ನು ನೋಡಿಕೊಳ್ಳಲು ಬಂದವಳು ಅಂತ ಹೇಳು. ತಪ್ಪಿಸಿಕೊಳ್ಳುವ ಉತ್ತರ ಅಂತ ಅನ್ನಿಸಿದರೂ ಪರವಾಗಿಲ್ಲ. ನಿನ್ನ ವೀಸಾ ನಿನ್ನ ಕೆಲಸಕ್ಕೆ ಕಟ್ಟಿಕೊಂಡದ್ದು. ಯಹೂದಿ, ಅರಬ್ ನಾಗರಿಕರು ಒಟ್ಟಾಗಿ ನಡೆಸುವ ಸ್ಟಾಂಡಿಂಗ್ ಟುಗೆದರ್‌ನಂಥ ಗುಂಪುಗಳ ಕೆಲಸ ನನಗೆ ಇಷ್ಟ. 2024ರಲ್ಲಿ ಗಾಜಾಕ್ಕೆ ಅಕ್ಕಿ, ಹಿಟ್ಟು ಒಯ್ಯುವ ಲಾರಿಗಳನ್ನು ಕೆಲವರು ತಡೆದು ಸುರಿದು ಹಾಳುಮಾಡುತ್ತಿದ್ದಾಗ, ಇವರು ತರ್ಕೂಮಿಯಾ ಚೆಕ್‌ಪೋಸ್ಟಿನಲ್ಲಿ ಕಾವಲು ನಿಂತರು. ಆದರೆ ಅವರ ಮೆರವಣಿಗೆಯಲ್ಲಿ ಬೋರ್ಡ್ ಹಿಡಿದು ನಿಲ್ಲುವುದು ನಾಗರಿಕರ ಕೆಲಸ. ನಾಳೆ ಹೆಚ್ಚುಕಡಿಮೆಯಾದರೆ ನಿನ್ನ ಪರವಾಗಿ ನಿಲ್ಲುವವರು ಇಲ್ಲಿ ಯಾರಿದ್ದಾರೆ?

ಕಾರಿನಲ್ಲಿ ಹೋಗುವುದು ಬೇರೆ. ಮಗಳನ್ನೇ ಕೇಳು, ಅವಳು ಸಂಸ್ಥೆಯವರನ್ನು ಕೇಳಿ ಹೇಳುತ್ತಾಳೆ. ಪಾಸ್‌ಪೋರ್ಟ್ ಜೊತೆಯಲ್ಲಿರಲಿ. ಕಾರು ಚೆಕ್‌ಪೋಸ್ಟಿನ ಈಚೆಗೇ ನಿಲ್ಲುತ್ತದೆ, ಆಚೆ ಹೋಗುವ ಮಾತೇ ಇಲ್ಲ. ಫೋಟೋ ಬೇಡ, ಸ್ಟೇಟಸ್ ಅಂತೂ ಬೇಡವೇ ಬೇಡ, ಆ ತಾಯಿಗೆ ಊರಲ್ಲಿ ತೊಂದರೆ ಆದೀತು. ಮಗುವಿಗೆ ಬಿಸ್ಕೆಟ್ ಕೊಡುವ ಮೊದಲು ತಾಯಿಯ ಮುಖ ನೋಡು, ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ತಂದಿರುತ್ತಾರೆ. ರಂಜಾನ್ ತಿಂಗಳಲ್ಲಿ ಅವಳ ಎದುರು ನೀನೂ ಏನೂ ತಿನ್ನಬೇಡ.

ಒಂದೇ ತೊಡಕು, ಸೋಮವಾರ ನಿನಗೆ ರಜೆ ಇಲ್ಲ. ಅಜ್ಜಿಯನ್ನು ಒಬ್ಬರನ್ನೇ ಬಿಡುವಂತಿಲ್ಲ. ಆ ಬೆಳಗ್ಗೆ ಅಮ್ಮನ ಹತ್ತಿರ ಕೂರಲು ಅಣ್ಣ ಬರುತ್ತಾನಾ ಅಂತ ಮಗಳೇ ಕೇಳಲಿ, ನೀನು ಕೇಳಬೇಡ. ಬಂದರೂ ಬಂದಾನು. ಬರದಿದ್ದರೆ ಭಾನುವಾರ ಹೋಗುವವರೂ ಬೇರೆ ಇದ್ದಾರೆ, ಒಂದು ದಿನ ರಜೆ ಬದಲಾಯಿಸಿಕೊಂಡು ನನಗೆ ಫೋನ್ ಮಾಡು.