ಶುದ್ಧ ಸಸ್ಯಾಹಾರಿಗಳು ಇಟಾಲಿಯನ್ ಕೌಂಟರ್ ರೆಸ್ಟೋರೆಂಟಿಗೆ ಹೋಗಬಹುದಾ?

ನೀವು ಕೊಪ್ಪಳದವರು, ಮಗಳು ಬೆಂಗಳೂರಿನಲ್ಲಿ ಹತ್ತೇ ಸೀಟಿನ ಇಟಾಲಿಯನ್ ಕೌಂಟರಿಗೆ (ಅಡುಗೆಯವರ ಎದುರಿನ ಕಟ್ಟೆಯಲ್ಲೇ ಕೂತು ತಿನ್ನುವ ರೆಸ್ಟೋರೆಂಟಿಗೆ) ಕರೆದಿದ್ದಾಳೆ, ಅಲ್ಲಿ ನಮಗೆ ಊಟ ಸಿಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಆದರೆ ಬುಕ್ ಮಾಡುವಾಗಲೇ ನಿಮ್ಮ ಪಥ್ಯ ಹೇಳಿಬಿಡಿ. ಇಂಥ ಕಡೆ ಸಾಮಾನ್ಯವಾಗಿ ಮೆನು ಮೊದಲೇ ನಿಗದಿಯಾಗಿರುತ್ತೆ, ಎಲ್ಲರಿಗೂ ಒಟ್ಟಿಗೆ ಬಡಿಸುತ್ತಾರೆ. ಕೂತ ಮೇಲೆ ಬದಲಿಸುವುದು ಅವರಿಗೂ ಕಷ್ಟ.

ಸುಮ್ನೆ 'ವೆಜ್' ಅಂದರೆ ಸಾಲದು. ಚೀಸ್ ಯಾವುದು ಅಂತ ಕೇಳಿ. ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊ ಚೀಸ್ ಮಾಡುವಾಗ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಹೆಪ್ಪು ಹಾಕಲೇಬೇಕು, ಅದು ಅಲ್ಲಿನ ನಿಯಮ. ಪೆಕೊರಿನೊ ರೊಮಾನೊ ಎಂಬ ಕುರಿಹಾಲಿನ ಚೀಸಿಗೆ ಕುರಿಮರಿಯ ರೆನೆಟ್. ಪಾಸ್ತಾಗೆ ಕಲಸುವ ಹಸಿರು ಚಟ್ನಿಯಂಥ ಪೆಸ್ಟೊ ಬರೀ ಸೊಪ್ಪಲ್ಲ, ಅದರಲ್ಲೂ ಇಂಥ ಚೀಸ್ ಅರೆದಿರುತ್ತಾರೆ. ಸಸ್ಯಜನ್ಯ ಅಥವಾ ಸೂಕ್ಷ್ಮಜೀವಿಗಳಿಂದ ಮಾಡಿದ ರೆನೆಟ್‌ನ ಚೀಸ್ ಬೇರೆ ಸಿಗುತ್ತೆ. ಅದನ್ನೇ ಹಾಕಿ ಅಂತ ಕೇಳಲು ಏನೂ ಸಂಕೋಚ ಬೇಡ. ಇದು ನಿಮ್ಮ ಆಚಾರದ ಮಾತು.

ರಿಸೊಟ್ಟೊ, ಅಂದರೆ ಇಟಲಿಯ ಅನ್ನದ ತಿನಿಸು ಇದ್ದರೆ, ಅದನ್ನು ಬೇಯಿಸುವ ಸಾರಿನ (ಸ್ಟಾಕ್) ಬಗ್ಗೆಯೂ ವಿಚಾರಿಸಿ. ಕೌಂಟರಿನಲ್ಲಿ ಕೂತರೆ ಕಣ್ಣೆದುರೇ ನೋಡಬಹುದು: ಅಕ್ಕಿಗೆ ಬಿಸಿ ಸಾರನ್ನು ಒಂದೊಂದೇ ಸೌಟು ಹಾಕಿ, ಅದು ಹೀರಿಕೊಳ್ಳುವವರೆಗೆ ತಿರುವುತ್ತಾರೆ. ಆ ಸಾರು ಬಹಳ ಕಡೆ ಕೋಳಿಯದು. ಗಂಗಾವತಿ ಸೋನಾ ಮಸೂರಿಯ ಉದುರು ಅನ್ನ ತಿನ್ನುವ ನಮಗೆ ರಿಸೊಟ್ಟೊ ಮುದ್ದೆಯಾಯ್ತು ಅನಿಸಬಹುದು. ಅದು ಕೆನೆಯಂತೆ ಮೆತ್ತಗೆ ಇರಬೇಕಾದದ್ದೇ.

ಪಾಸ್ತಾ ಮಾತ್ರ ಹಲ್ಲಿಗೆ ತುಸು ಗಟ್ಟಿ ಸಿಗುತ್ತೆ, ಅರೆಬೆಂದದ್ದಲ್ಲ. ಬಿಸಿ ಇದ್ದಾಗಲೇ ತಿನ್ನಿ, ಆರಿದರೆ ಅಂಟಿಕೊಳ್ಳುತ್ತೆ.