ಪ್ರವಾಸಿಗರು ಬಂದಾಗ ಫೋನ್ ಕೈಕೊಡುವುದೇಕೆ?

ಪ್ರಶ್ನೆ: ಖಾನಾಪುರ ತಾಲ್ಲೂಕಿನ ಕಣಕುಂಬಿ ಬಳಿ ನಮ್ಮದೊಂದು ಹೋಮ್‌ಸ್ಟೇ ಇದೆ. ಮಳೆಗಾಲದ ಶನಿವಾರ, ರವಿವಾರ ಫೋನಿನಲ್ಲಿ ಮೂರು ಕಡ್ಡಿ ಕಂಡರೂ ಕರೆ ಹೋಗುವುದಿಲ್ಲ. ಹಿತ್ತಲಿನ ಇಳಿಜಾರಿನಲ್ಲಂತೂ ಸಿಗ್ನಲ್ಲೇ ಇರುವುದಿಲ್ಲ. ಏನು ಮಾಡಬೇಕು?

ಉತ್ತರ: ನಿಮ್ಮದು ಒಂದಲ್ಲ, ಎರಡು ತೊಂದರೆ. ಊರಿನ ಜನಕ್ಕೆ ಸಾಕಾಗುವಂತೆ ನಿಲ್ಲಿಸಿದ ಟವರಿನ ಮೂಲಕ ಪ್ರವಾಸಿಗರೆಲ್ಲರೂ ಒಮ್ಮೆಲೇ ವಿಡಿಯೊ ಕಳಿಸತೊಡಗಿದಾಗ, ಸಿಗ್ನಲ್ ಇದ್ದರೂ ಜಾಗ ಸಿಗುವುದಿಲ್ಲ. ಇಳಿಜಾರಿನಲ್ಲಿ ಗುಡ್ಡವೇ ಅಡ್ಡವಾಗಿದೆ. ಫೋನಿನ ಸಿಗ್ನಲ್ ಹೊತ್ತು ತರುವ ರೇಡಿಯೊ ಅಲೆಗಳಲ್ಲಿ ಕಡಿಮೆ ಕಂಪನಾಂಕದ 700 ಅಥವಾ 900 ಮೆಗಾಹರ್ಟ್ಸ್ ಅಲೆಗಳು ಹೆಚ್ಚು ಕಂಪನಾಂಕದ 2300 ಮೆಗಾಹರ್ಟ್ಸ್ ಅಲೆಗಳಿಗಿಂತ ದೂರ ಸಾಗುತ್ತವಾದರೂ ಇಡೀ ಗುಡ್ಡವನ್ನು ದಾಟಲಾರವು.

ಮನೆಗೆ ಫೈಬರ್ ಬ್ರಾಡ್‌ಬ್ಯಾಂಡ್ ಸಿಗುವುದಾದರೆ ಮೊದಲು ಅದನ್ನೇ ಹಾಕಿಸಿಕೊಳ್ಳಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೆ, ಟವರಿನ ಹಂಗಿಲ್ಲದೆ ನಿಮ್ಮ ನಂಬರಿನಿಂದಲೇ ಮಾತನಾಡಬಹುದು. ಮಳೆಗೆ ಕರೆಂಟು ಹೋಗುವ ಊರಾದ್ದರಿಂದ ರೂಟರನ್ನು ಇನ್ವರ್ಟರಿಗೆ ಜೋಡಿಸುವುದನ್ನು ಮರೆಯಬೇಡಿ.

ಒಬ್ಬೊಬ್ಬರೇ ದೂರುವುದಕ್ಕಿಂತ, ಯಾವ ಜಾಗದಲ್ಲಿ, ಯಾವ ದಿನ, ಎಷ್ಟು ಗಂಟೆಗೆ ಕರೆ ಹೋಗಲಿಲ್ಲವೆಂದು ಎರಡು ವಾರ ಬರೆದಿಟ್ಟು, ಗ್ರಾಮ ಪಂಚಾಯಿತಿಯ ಠರಾವಿನೊಂದಿಗೆ ಕಂಪನಿಗೆ ಕೊಡುವುದು ಹೆಚ್ಚು ಫಲಕಾರಿಯೆಂದು ನನ್ನ ಅಭಿಪ್ರಾಯ. ಅದರಲ್ಲಿ ಮಳೆಗಾಲದ ಮಟ್ಟಿಗೆ ವಾಹನದ ಮೇಲಿನ ತಾತ್ಕಾಲಿಕ ಟವರನ್ನು ಕೇಳಿರಿ. ಅರಣ್ಯ ಭೂಮಿಯಲ್ಲಿ ಕಾಯಂ ಟವರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕಾಗುವುದರಿಂದ ಅದು ತಡವಾಗುತ್ತದೆ.

ಜಾರುವ ಬಂಡೆಗಳತ್ತ ಹೋಗುವ ಅತಿಥಿಗಳಿಗೆ ಇದನ್ನು ಖಂಡಿತ ತಿಳಿಸಿ: ತಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ, ಬೇರೊಂದು ಕಂಪನಿಯದು ಅಲ್ಲಿದ್ದರೆ ತುರ್ತು ಸಹಾಯದ ನಂಬರ್ 112ಕ್ಕೆ ಕರೆ ಹೋಗಬಲ್ಲದು.