ಸೂಪರ್‌ಕಂಪ್ಯೂಟರ್‌ಗೆ ಸರ್ಕಾರವೇ ಯಾಕೆ ದುಡ್ಡು ಹಾಕಬೇಕು? ಕಾಲೇಜುಗಳೇ ಕೊಳ್ಳಬಹುದಲ್ವಾ?

ಒಂದೊಂದು ಕಾಲೇಜಿಗೆ ಅದು ಎಟುಕುವ ಮಾತಲ್ಲ. ಹೇಗೋ ಕೊಂಡರೂ ಕರೆಂಟು, ತಂಪು ಮಾಡುವ ವ್ಯವಸ್ಥೆ, ಹಗಲು ರಾತ್ರಿ ನೋಡಿಕೊಳ್ಳುವ ಜನ ಬೇಕು. ಅದಕ್ಕೇ 2015ರಲ್ಲಿ ಕೇಂದ್ರ ಸರ್ಕಾರ 4,500 ಕೋಟಿ ರೂಪಾಯಿಯ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಜಾರಿಯ ಹೊಣೆ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಮತ್ತು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಐಐಎಸ್‌ಸಿಯದು.

ಈ ಮಿಷನ್‌ನಡಿ ಐಐಎಸ್‌ಸಿಯಲ್ಲಿ 2022ರಲ್ಲಿ ಬಂದ 'ಪರಮ್ ಪ್ರವೇಗ' ಸೂಪರ್‌ಕಂಪ್ಯೂಟರ್‌ನ ವೇಗ 3.3 ಪೆಟಾಫ್ಲಾಪ್. ಅಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ! ಇಂಥ ಯಂತ್ರದ ಮುಂದೆ ಯಾರೂ ಕೂರಬೇಕಿಲ್ಲ. ಸಂಶೋಧಕರು ತಮ್ಮ ಲ್ಯಾಪ್‌ಟಾಪ್‌ನಿಂದಲೇ ಲಾಗಿನ್ ಆಗಿ ಕೆಲಸವನ್ನು ಸರದಿಗೆ ಹಾಕುತ್ತಾರೆ, ಜಾಗ ಸಿಕ್ಕಾಗ ಅದು ಓಡುತ್ತದೆ. ಮಳೆ ಮುನ್ಸೂಚನೆಯ ಮಾದರಿಯಾಗಲಿ, ಔಷಧದ ಅಣುವಾಗಲಿ, ಯಂತ್ರ ಅದೇ.

ನನ್ನ ಪ್ರಕಾರ, ಉದ್ಘಾಟನೆಯ ನಂತರದ ದುಡ್ಡೇ ಜಾಸ್ತಿ ಮುಖ್ಯ. ಎಂಜಿನಿಯರುಗಳ ಸಂಬಳ, ರಿಪೇರಿ ವರ್ಷ ವರ್ಷವೂ ನಿಲ್ಲದೆ ನಡೆಯಬೇಕು.